ಫೋಟೋದಿಂದ ಅಜ್ಜಿಯನ್ನು ತೆಗೆದದ್ದು ನಾನೇ

ಆರು ವರ್ಷ ಒಂದು ಸಣ್ಣ ಜಾಹೀರಾತು ಕಂಪನಿಯಲ್ಲಿ ಕಾಪಿ, ಅಂದರೆ ಜಾಹೀರಾತಿನ ಮಾತು, ಬರೆಯುವ ಕೆಲಸ ಮಾಡಿದ್ದೇನೆ. ಫ್ಯಾನು, ಪೇಂಟು, ಕೋಚಿಂಗ್ ಕ್ಲಾಸು, ಹಲ್ಲಿನ ಕ್ಲಿನಿಕ್ಕು, ಹೀಗೆ ಬಂದದ್ದನ್ನೆಲ್ಲ ಹೊಗಳಿದ್ದೇನೆ. ಅದರಲ್ಲಿ ಮುಕ್ಕಾಲು ಪಾಲು ಈಗ ನೆನಪಿಲ್ಲ. ಒಂದು ಕೆಲಸ ಮಾತ್ರ ಆಗಾಗ ಬಂದು ಎದುರು ಕೂರುತ್ತದೆ. ಕಡಿಮೆ ಆದಾಯದವರಿಗೆ ಸಬ್ಸಿಡಿಯಲ್ಲಿ ಕೊಡುವ ಮನೆಗಳ ಜಾಹೀರಾತು. ಬ್ರೋಷರ್, ಫ್ಲೆಕ್ಸ್, ಪತ್ರಿಕೆಗೆ ಕಾಲು ಪುಟ, ಬಸ್ಸಿನ ಹಿಂಭಾಗ, ಎಲ್ಲಾ ನಮ್ಮ ಕೈಯಲ್ಲೇ ತಯಾರಾಯಿತು.

ಮೊದಲ ಮೀಟಿಂಗಿನಲ್ಲೇ ನಾನೊಂದು ದಡ್ಡ ಪ್ರಶ್ನೆ ಕೇಳಿದೆ. "ಒಟ್ಟು ಎಷ್ಟು ಅರ್ಜಿ ಬರಬಹುದು ಸಾರ್?" ಮನೆಯೊಂದಕ್ಕೆ ಹತ್ತಿಪ್ಪತ್ತು ಅರ್ಜಿ ಆಗಲೇ ಬಂದಿವೆ, ಲಾಟರಿ ಎತ್ತಿ ಹಂಚುತ್ತೇವೆ ಅಂದರು ಜಾಹೀರಾತು ಮಾಡಿಸುತ್ತಿದ್ದವರು. "ಹಾಗಾದ್ರೆ ಜಾಹೀರಾತು ಯಾಕೆ?" ಅಂದುಬಿಟ್ಟೆ. ನಮ್ಮ ಬಾಸ್ ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಆದರೂ ಪ್ರಶ್ನೆ ಸರಿಯಾಗಿಯೇ ಇತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಅಂಗಡಿಯಲ್ಲಿ ಫ್ಯಾನು ಉಳಿದಿರುತ್ತೆ, ಅದಕ್ಕೇ ಫ್ಯಾನಿಗೆ ಜಾಹೀರಾತು ಬೇಕು. ಇಲ್ಲಿ ಉಳಿದಿರುವ ಮನೆ ಒಂದೂ ಇಲ್ಲ. ಮನೆ ಬೇಕಾದವರು ಅರ್ಜಿ ಹಾಕಿ ಆಗಿದೆ. ಮತ್ತೆ ಬಸ್ಸಿನ ಹಿಂದೆ ಅಷ್ಟು ದೊಡ್ಡ ಅಕ್ಷರ ಯಾರು ಓದಲಿ ಅಂತ? ಆ ಮನೆ ಯಾವತ್ತೂ ಸಿಗದವರು, ಬೇಡದವರು ಓದಲಿ ಅಂತ. ತೆರಿಗೆ ಕಟ್ಟುವವರು, ಪಕ್ಕದ ಬಡಾವಣೆಯವರು, ಬಸ್ಸಿನ ಹಿಂದೆ ಕಾರಿನಲ್ಲಿ ಕೂತವರು. ಅವರಿಗೆ ಒಂದು ಕತೆ ಹೇಳಬೇಕು. ಯಾರು ಕೊಟ್ಟರು, ಯಾರು ತಗೊಂಡರು, ತಗೊಂಡವರು ಎಂಥವರು. ನನ್ನ ಕೆಲಸ ಅದಾಗಿತ್ತು. ಅದು ಆಗ ತಿಳಿದಿರಲಿಲ್ಲ ಅಷ್ಟೇ.

ಫೋಟೋ ಹೇಗಿರಬೇಕು ಅಂತ ಕೇಳಿದ್ದಕ್ಕೆ ಒಬ್ಬರು ಹೇಳಿದ ಮಾತು ನನ್ನ ಡೈರಿಯಲ್ಲಿ ಹಾಗೇ ಇದೆ. "ನೋಡಿದ ತಕ್ಷಣ ಬಡವರು ಅಂತ ಗೊತ್ತಾಗ್ಬೇಕು. ಆದ್ರೆ ತೀರಾ ಬಡವರ ಹಾಗೆ ಕಾಣ್ಬಾರ್ದು." ಇಂಥ ಮುಖ ಎಲ್ಲಿಂದ ತರೋದು ಹೇಳಿ!

ಕೊನೆಗೆ ಮನೆ ಸಿಕ್ಕಿದ್ದ ಒಂದು ಕುಟುಂಬವನ್ನೇ ಕರೆಸಿದರು. ಗಂಡ, ಹೆಂಡತಿ, ಎರಡು ಮಕ್ಕಳು, ಗಂಡನ ತಾಯಿ. ಒಂದು ಮೊಳ ಉದ್ದದ ಥರ್ಮೋಕೋಲ್ ಕೀಗೆ ಚಿನ್ನದ ಬಣ್ಣ ಬಳಿದು ತಂದಿದ್ದೆವು. ಅವರ ಮನೆಗೆ ಇನ್ನೂ ಬಾಗಿಲೇ ಕೂತಿರಲಿಲ್ಲ. ಮುಂದಿನ ಬ್ಲಾಕಿನಲ್ಲಿ ಬಾಗಿಲಿದ್ದ ಒಂದು ಮನೆಯ ಮುಂದೆ ನಿಲ್ಲಿಸಿದೆವು. ಕೀ ಕೊಡುವವರು ಮೆಟ್ಟಿಲ ಮೇಲೆ, ತಗೊಳ್ಳುವವರು ಕೆಳಗೆ. ಫೋಟೋಗ್ರಾಫರ್ ಆ ಹೆಂಗಸಿಗೆ ಹೇಳುತ್ತಲೇ ಇದ್ದ. "ಅಕ್ಕ, ಕೈ ಇನ್ನೂ ಸ್ವಲ್ಪ ಕೆಳಗೆ. ತಲೆ ಬಗ್ಗಿಸಿ. ಹಾಂ, ಈಗ ಕಣ್ಣು ಮಾತ್ರ ಮೇಲೆ. ನಗಬೇಕು ಅಕ್ಕ, ಮನೆ ಸಿಕ್ಕಿದೆ ನಿಮಗೆ!" ಹನ್ನೆರಡು ಸಲ ತೆಗೆದ. ಒಂಬತ್ತನೇ ಸಲಕ್ಕೆ ಆಕೆ ಹೇಳಿಸಿಕೊಳ್ಳದೆಯೇ ತಾನಾಗಿ ತಲೆ ಬಗ್ಗಿಸಿದಳು.

ಮಧ್ಯೆ ಬಿಡುವಾದಾಗ ಆಕೆ ನನ್ನ ಹತ್ತಿರ ಬಂದಳು. ಬ್ಯಾಗಿನಿಂದ ಪಾಸ್‌ಬುಕ್ ತೆಗೆದು ತೋರಿಸಿದಳು. ತಮ್ಮ ಪಾಲಿನ ದುಡ್ಡು ಕಂತು ಕಂತಾಗಿ ಕಟ್ಟಿದ ಲೆಕ್ಕ. "ಮೇಡಂ, ಇದು ಪುಕ್ಕಟೆ ಅಲ್ಲ ಅಲ್ವಾ. ನಾವೂ ಕಟ್ಟಿದ್ದೀವಿ. ಅದನ್ನೂ ಬರೀತೀರಾ?"

"ಬರೀತೀನಿ" ಅಂದೆ.

ನಾನು ಬರೆದದ್ದು ಇದು: ಕನಸು ನಿಮ್ಮದು, ಕೊಡುಗೆ ನಮ್ಮದು.

ಎಲ್ಲರೂ ಭೇಷ್ ಅಂದರು. ಎರಡೂ ಕಡೆ ಮೂರಕ್ಷರ, 'ಕ'ದಿಂದ 'ಕೊ'ಗೆ ಪ್ರಾಸ. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆಕೆಯ ಪಾಸ್‌ಬುಕ್ಕಿನ ಅಷ್ಟೂ ಕಂತುಗಳನ್ನು ಆ ಒಂದು ಅಲ್ಪವಿರಾಮದಲ್ಲಿ ಮುಳುಗಿಸಿದ್ದೆ.

ಆಮೇಲೆ ಅಜ್ಜಿಯ ವಿಷಯ. ಫೋಟೋ ನೋಡಿ ಮೇಲಿನಿಂದ ಒಂದು ಸಾಲಿನ ಸೂಚನೆ ಬಂತು. ಐದು ಜನ ಇದ್ದರೆ ಮನೆ ಚಿಕ್ಕದಾಗಿ ಕಾಣುತ್ತೆ, ನಾಲ್ಕು ಜನ ಸಾಕು. ಬಲಗಡೆ ತುದಿಯಲ್ಲಿ ಅಜ್ಜಿ ನಿಂತಿದ್ದರು. ಕತ್ತರಿಸಲು ಅನುಕೂಲ. ಡಿಸೈನರ್ ಹುಡುಗನಿಗೆ ಹೇಳಿದೆ, ಅವನು ಎರಡು ನಿಮಿಷದಲ್ಲಿ ಮುಗಿಸಿದ. ಆದರೆ ಅಜ್ಜಿಯ ಕೈ ಮೊಮ್ಮಗನ ಭುಜದ ಮೇಲಿತ್ತು. ಮೊದಲ ಪ್ರೂಫಿನಲ್ಲಿ ಅಂಗಿಯ ಮೇಲೆ ಮೂರು ಬೆರಳು ಉಳಿದುಬಿಟ್ಟಿದ್ದವು. ಯಾರವು ಅಂತ ಗೊತ್ತಿಲ್ಲದ ಮೂರು ಬೆರಳು. ನಾನೇ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ "ತೆಗೆಯಿರಿ" ಅಂತ ಬರೆದು ಕಳಿಸಿದೆ.

ಜಾಹೀರಾತು ಬಂದ ವಾರ ಒಂದು ಎಡವಟ್ಟಾಯಿತು. ವಿಚಾರಣೆಗೆ ಅಂತ ಹಾಕಬೇಕಿದ್ದ ನಂಬರಿನ ಬದಲು ನಮ್ಮ ಆಫೀಸಿನ ನಂಬರು ಅಚ್ಚಾಗಿತ್ತು. ಮೂರು ದಿನ ಫೋನು ಎತ್ತಿದ್ದೇ ಎತ್ತಿದ್ದು. ಒಬ್ಬ ಹೆಂಗಸು, "ನಾನು ಒಬ್ಬಳೇ ಇರೋದು, ನನಗೆ ಕೊಡಲ್ಲ ಅಲ್ವಾ?" ಅಂತ ಕೇಳಿದಳು. ಇನ್ನೊಬ್ಬ, "ಅಮ್ಮ ನನ್ನ ಜೊತೆ ಇದ್ದಾರೆ, ಅವರ ಹೆಸರು ಹಾಕಿದ್ರೆ ಅರ್ಜಿ ತಿರಸ್ಕಾರ ಆಗುತ್ತಾ?" ಅಂದ. ನಿಯಮಾವಳಿ ನನ್ನ ಮೇಜಿನ ಮೇಲೇ ಇತ್ತು. ತೆಗೆದು ನೋಡಿದೆ. ಒಂಟಿ ಹೆಂಗಸರಿಗೆ ಆದ್ಯತೆಯೇ ಇತ್ತು. ತಾಯಿ ತಂದೆ ಜೊತೆಗಿದ್ದರೆ ಯಾವ ಅಡ್ಡಿಯೂ ಇರಲಿಲ್ಲ. ಇವರಿಗೆಲ್ಲ ಬಾಗಿಲು ಹಾಕಿದ್ದು ನಿಯಮ ಅಲ್ಲ, ನಮ್ಮ ಫೋಟೋ. ಗಂಡ, ಹೆಂಡತಿ, ಗಂಡು ಒಂದು, ಹೆಣ್ಣು ಒಂದು. ಇದನ್ನು ಕುಟುಂಬ ಅಂತಾರೆ ಅಂತ ಬಸ್ಸಿನ ಹಿಂದೆ ಅಂಟಿಸಿ ಊರೆಲ್ಲ ಓಡಿಸಿದ್ದೆವು.

ಅಲ್ಲಿಂದ ಇದೊಂದು ಹುಚ್ಚು ಹಿಡಿಯಿತು. ಬೇರೆ ದೇಶಗಳಲ್ಲಿ ಇಂಥ ಮನೆಗಳನ್ನು ಹೇಗೆ ತೋರಿಸಿದ್ದಾರೆ ಅಂತ ಹುಡುಕಿ ಹುಡುಕಿ ಓದುತ್ತಾ ಬಂದೆ.

ಸಿಂಗಪುರದಲ್ಲಿ ಫೋಟೋದ ಕೆಲಸವನ್ನು ನಿಯಮವೇ ಮಾಡುತ್ತದೆ. ಅಲ್ಲಿ 1960ರಲ್ಲಿ ಶುರುವಾದ ವಸತಿ ಮಂಡಳಿಯ ಫ್ಲ್ಯಾಟುಗಳಲ್ಲೇ ಈಗ ಹತ್ತರಲ್ಲಿ ಸುಮಾರು ಎಂಟು ನಿವಾಸಿಗಳು ಇರೋದು. ಬಡವರ ಮನೆ ಅನ್ನುವ ಮುದ್ರೆಯೇ ಅದಕ್ಕಿಲ್ಲ, ಎಲ್ಲರ ಮನೆಯೂ ಅದೇ. 1964ರಿಂದ ಬಾಡಿಗೆ ಬೇಡ, ಕೊಂಡುಕೊಳ್ಳಿ ಅಂತ ಸರ್ಕಾರವೇ ಹೇಳಿತು. 1968ರಿಂದ ಭವಿಷ್ಯ ನಿಧಿಯ ಹಣವನ್ನೂ ಅದಕ್ಕೆ ಬಳಸಲು ಬಿಟ್ಟಿತು. ಸ್ವಂತ ಮನೆ ಇದ್ದವನಿಗೆ ದೇಶದ ಮೇಲೆ ಅಕ್ಕರೆ ಜಾಸ್ತಿ ಅನ್ನೋದು ಆಗಿನ ಪ್ರಧಾನಿ ಲೀ ಕುವಾನ್ ಯೂ ಅವರ ಗಟ್ಟಿ ನಂಬಿಕೆ. ಆದರೆ ಕೊಳ್ಳಬೇಕಾದರೆ ಕುಟುಂಬ ಇರಬೇಕು. ಒಂಟಿಯಾಗಿ ಇರುವವರಿಗೆ ಹಳೇ ಫ್ಲ್ಯಾಟು ಕೊಳ್ಳುವ ದಾರಿ ತೆರೆದದ್ದು 1991ರಲ್ಲಿ, ಅದೂ 35 ದಾಟಿದ್ದರೆ. ಮಂಡಳಿಯಿಂದ ನೇರವಾಗಿ ಹೊಸ ಫ್ಲ್ಯಾಟು ಪಡೆಯಲು 2013ರವರೆಗೆ ಕಾಯಬೇಕಾಯಿತು. ಅಪ್ಪ ಅಮ್ಮನ ಹತ್ತಿರ ಮನೆ ಮಾಡಿದರೆ ಬೇರೆ ಸಹಾಯಧನ ಉಂಟು, 2015ರಿಂದ. ಅಲ್ಲಿಯ ಹುಡುಗರು "ನನ್ನ ಮದುವೆ ಆಗ್ತೀಯಾ" ಅನ್ನೋದಿಲ್ಲವಂತೆ, "ಫ್ಲ್ಯಾಟಿಗೆ ಅರ್ಜಿ ಹಾಕೋಣ್ವಾ" ಅನ್ನುತ್ತಾರಂತೆ. ಅಲ್ಲಿ ಎಲ್ಲರಿಗೂ ಗೊತ್ತಿರುವ ತಮಾಷೆ ಇದು. ಎಷ್ಟು ತಮಾಷೆ, ಎಷ್ಟು ನಿಜ ಅನ್ನೋದು ಅವರಿಗೇ ಗೊತ್ತು. ನನಗಂತೂ ಒಂದು ಕಡೆ ಹೊಟ್ಟೆಕಿಚ್ಚು, ಇನ್ನೊಂದು ಕಡೆ ಉಸಿರುಗಟ್ಟಿದ ಹಾಗೆ. ಕನಿಷ್ಠ ಅಲ್ಲಿ ಅಜ್ಜಿಯನ್ನು ಉಳಿಸಿಕೊಂಡರೆ ದುಡ್ಡು ಸಿಗುತ್ತೆ.

ನ್ಯೂಯಾರ್ಕಿನ ಹಳೇ ಪೋಸ್ಟರುಗಳನ್ನು ನೋಡಿದಾಗ ಮಾತ್ರ ಬೆಚ್ಚಿದೆ. 1936ರ ಸುಮಾರಿನವು. ಕೆಲಸವಿಲ್ಲದ ಕಲಾವಿದರಿಗೆ ಸರ್ಕಾರವೇ ಕೆಲಸ ಕೊಟ್ಟು ಮಾಡಿಸಿದ್ದು, ನಗರದ ವಸತಿ ಪ್ರಾಧಿಕಾರಕ್ಕಾಗಿ. ಡಿಸೈನು ಅಂದರೆ ಡಿಸೈನು, ಗೋಡೆಗೆ ಹಾಕಿಕೊಳ್ಳಬೇಕು ಅನ್ನಿಸುತ್ತೆ. ಅದರಲ್ಲೊಂದು ಹೇಳುವುದು, ಕೊಳೆಗೇರಿಯ ಅಪರಾಧವನ್ನು ವಸತಿಯಿಂದ ತೊಡೆದುಹಾಕಿ ಅಂತ. ಇನ್ನೊಂದು, ದಾರಿತಪ್ಪಿದ ಮಕ್ಕಳ ರೋಗಕ್ಕೆ ಯೋಜನೆಯ ಮನೆಯೇ ಮದ್ದು ಅನ್ನೋ ಅರ್ಥದ್ದು. ಬರೆದವರ ಮನಸ್ಸು ಒಳ್ಳೆಯದೇ. ಮನೆ ಕಟ್ಟಿಸಬೇಕು, ಅದಕ್ಕೆ ದುಡ್ಡು ಕೊಡುವವರು ಒಪ್ಪಬೇಕು. ಆದರೆ ಒಪ್ಪಿಸಲು ಹೇಳಿದ್ದೇನು? ಇವರಿಗೆ ಮನೆ ಕೊಡದಿದ್ದರೆ ಇವರು ಕಳ್ಳರಾಗುತ್ತಾರೆ ಅಂತ. ನಾಳೆ ಮನೆ ಸಿಕ್ಕಿದ ಹುಡುಗ ಆ ಪೋಸ್ಟರಿನ ಮುಂದೆ ನಡೆದುಹೋದರೆ ಅವನನ್ನು ನೋಡುವ ಕಣ್ಣು ಹೇಗಿರುತ್ತೆ? ಅದೇ ಪ್ರಾಧಿಕಾರ 1953ರಲ್ಲಿ ಯಾರಿಗೆ ಮನೆ ಕೊಡಬಾರದು ಅಂತ 21 ಅಂಶಗಳ ಪಟ್ಟಿ ಮಾಡಿತು. ಕೆಲಸ ನಿಯಮಿತವಾಗಿ ಇಲ್ಲದಿರುವುದು ಒಂದು. ಒಬ್ಬಂಟಿ ತಾಯಿ ಅಥವಾ ತಂದೆ ಆಗಿರುವುದು ಒಂದು. ಮನೆಯಲ್ಲಿ ಪೀಠೋಪಕರಣ ಇಲ್ಲದಿರುವುದೂ ಒಂದು! ಬಡವರ ಮನೆಗೆ ಅರ್ಜಿ ಹಾಕಲು ಮೊದಲು ಸೋಫಾ ಕೊಳ್ಳಬೇಕು. ನನ್ನ ಡೈರಿಯ ಸಾಲು ನೆನಪಾಯಿತು. ಬಡವರು ಅಂತ ಗೊತ್ತಾಗ್ಬೇಕು, ತೀರಾ ಬಡವರ ಹಾಗೆ ಕಾಣ್ಬಾರ್ದು.

ಬ್ರಿಟನ್ನಿನದು ಬೇರೆ ಕತೆ. 1980ರ ಕಾನೂನು ಬಂದಮೇಲೆ ಕೌನ್ಸಿಲ್ ಮನೆಗಳಲ್ಲಿ, ಅಂದರೆ ಸ್ಥಳೀಯ ಆಡಳಿತದ ಮನೆಗಳಲ್ಲಿ, ಬಾಡಿಗೆಗೆ ಇದ್ದವರು ಅದೇ ಮನೆಯನ್ನು ಭಾರಿ ರಿಯಾಯಿತಿಯಲ್ಲಿ ಕೊಳ್ಳಬಹುದಾಯಿತು. ಮೂರನೇ ಒಂದರಿಂದ ಅರ್ಧದವರೆಗೆ ಕಡಿತ. ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ತಾವೇ ಒಂದು ಮನೆಗೆ ಹೋಗಿ ಮನೆಪತ್ರ ಕೈಗಿತ್ತು ಫೋಟೋ ತೆಗೆಸಿಕೊಂಡರು. ಕೊಂಡವರು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಮುಂಬಾಗಿಲು ಬದಲಾಯಿಸಿದ್ದು. ಸಾಲಿನಲ್ಲಿ ಎಲ್ಲಾ ಮನೆಗೂ ಒಂದೇ ಬಣ್ಣದ ಬಾಗಿಲು, ನಡುವೆ ಒಂದಕ್ಕೆ ಹೊಸ ಮರದ ಬಾಗಿಲು, ಹೊಳೆಯುವ ಹಿಡಿಕೆ. ಬೀದಿಯಲ್ಲಿ ನಿಂತು ನೋಡಿದರೆ ಯಾರು ಕೊಂಡವರು, ಯಾರು ಇನ್ನೂ ಬಾಡಿಗೆಯವರು ಅಂತ ಗೊತ್ತಾಗುತ್ತಿತ್ತು. ಇದಕ್ಕಿಂತ ಒಳ್ಳೇ ಜಾಹೀರಾತು ನಾನು ಆರು ವರ್ಷದಲ್ಲಿ ಮಾಡಿಲ್ಲ. ಆ ಬಾಗಿಲು ಕೊಂಡವನನ್ನು ಹೊಗಳುತ್ತಿತ್ತು, ಪಕ್ಕದವನನ್ನು ಬಾಯಿ ಬಿಡದೆ ಬೈಯುತ್ತಿತ್ತು. ಕೊಳ್ಳಲು ಆಗದವರು, ಕೊಳ್ಳದೆ ಬಾಡಿಗೆಗೇ ಇರೋಣ ಅಂದುಕೊಂಡವರು, ಇಬ್ಬರೂ ಕೈಲಾಗದವರ ಪಟ್ಟಿಗೆ ಸೇರಿದರು. ಹೀಗೆ ಸುಮಾರು 20 ಲಕ್ಷ ಮನೆಗಳು ಮಾರಾಟವಾದವು. ಆಮೇಲೆ ಬಾಡಿಗೆಗೆ ಕೊಡಲು ಮನೆ ಸಾಲದೆ ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಈ ಹಕ್ಕನ್ನು ನಿಲ್ಲಿಸಿದವು.

ನನಗೆ ಮನಸಾರೆ ಇಷ್ಟವಾದದ್ದು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ್ದು. 1920ರ ದಶಕದಲ್ಲಿ ಆ ನಗರಸಭೆ ಕಾರ್ಮಿಕರಿಗೆ 60,000ಕ್ಕೂ ಜಾಸ್ತಿ ಫ್ಲ್ಯಾಟು ಕಟ್ಟುವ ಕೆಲಸಕ್ಕೆ ಕೈ ಹಾಕಿತು. ಅದರಲ್ಲಿ ಕಾರ್ಲ್ ಮಾರ್ಕ್ಸ್ ಹೋಫ್ ಅನ್ನುವುದು ಒಂದು ಕಿಲೋಮೀಟರಿಗಿಂತ ಉದ್ದದ ಕಟ್ಟಡ, 1930ರಲ್ಲಿ ಉದ್ಘಾಟನೆ ಆಯಿತು. ಒಳಗೆ ಬಟ್ಟೆ ಒಗೆಯುವ ಜಾಗ, ಸ್ನಾನದ ಮನೆ, ಶಿಶುವಿಹಾರ, ಗ್ರಂಥಾಲಯ. ಇಂಥ ಕಟ್ಟಡಗಳ ಗೋಡೆಯ ಮೇಲೆ ದೊಡ್ಡ ಕೆಂಪು ಅಕ್ಷರಗಳಲ್ಲಿ ಒಂದು ಸಾಲು ಕಾಣುತ್ತದೆ. ವಸತಿ ತೆರಿಗೆಯ ಹಣದಿಂದ ವಿಯೆನ್ನಾ ನಗರ ಇಂಥ ವರ್ಷದಲ್ಲಿ ಕಟ್ಟಿಸಿದ್ದು, ಅಷ್ಟೇ. ಆ ತೆರಿಗೆ 1923ರಲ್ಲಿ ಬಂದದ್ದು, ಐಷಾರಾಮಿ ಮನೆಯವರಿಗೆ ಜಾಸ್ತಿ, ಚಿಕ್ಕ ಮನೆಯವರಿಗೆ ಕಡಿಮೆ.

ಕಾಪಿ ಬರೆಯುವವಳಾಗಿ ಹೇಳುತ್ತೇನೆ, ಆ ಸಾಲು ಬರೆಯೋದು ಬಹಳ ಕಷ್ಟ. ಕನಸು ಇಲ್ಲ, ಕೊಡುಗೆ ಇಲ್ಲ, ಪ್ರಾಸ ಇಲ್ಲ. ರಶೀದಿಯ ಹಾಗಿದೆ. ಅದನ್ನು ಓದಿಕೊಂಡು ಒಳಗೆ ಹೋಗುವವರು ತಲೆ ಬಗ್ಗಿಸಬೇಕಾಗಿಲ್ಲ. ಈಗಲೂ ಆ ನಗರದ ಅರ್ಧದಷ್ಟು ಜನ ನಗರಸಭೆಯ ಅಥವಾ ಸಬ್ಸಿಡಿಯ ಮನೆಗಳಲ್ಲೇ ಇದ್ದಾರೆ. ಆದಾಯದ ಮಿತಿಯನ್ನೂ ಮಧ್ಯಮ ವರ್ಗಕ್ಕೆ ಸಿಗುವಷ್ಟು ಮೇಲೆ ಇಟ್ಟಿದ್ದಾರೆ. ವಿಳಾಸ ಹೇಳಿದರೆ ಸಂಬಳ ಎಷ್ಟು ಅಂತ ಗೊತ್ತಾಗೋದಿಲ್ಲ.

ನಾವು ಬಳಸಿದ ಪದ 'ಫಲಾನುಭವಿ'. ಬ್ರೋಷರಿನಲ್ಲಿ ಹದಿನೇಳು ಸಲ ಇತ್ತು, ಎಣಿಸಿದ್ದೇನೆ. ಯಾರೋ ಗಿಡ ನೆಟ್ಟರು, ಯಾರೋ ನೀರು ಹಾಕಿದರು, ಇವರು ಬಂದು ಹಣ್ಣು ತಿಂದರು ಅನ್ನುವ ಹಾಗೆ. 'ಮನೆಯವರು' ಅಂತ ಬರೆಯಬಹುದಿತ್ತು. 'ಮಾಲೀಕರು' ಅಂತಲೂ ಬರೆಯಬಹುದಿತ್ತು, ಪತ್ರದಲ್ಲಿ ಅವರದೇ ಹೆಸರಿತ್ತಲ್ಲ. ಪ್ರೂಫ್ ತಿದ್ದುವಾಗ ನನಗೆ ಹೊಳೆಯಲೇ ಇಲ್ಲ. ಎಲ್ಲರೂ ಬಳಸುವ ಪದ, ಹಾಗಾಗಿ ಕಣ್ಣಿಗೆ ಚುಚ್ಚಲಿಲ್ಲ.

ಹೊಳೆದದ್ದು ಮೂರು ವರ್ಷ ಆದಮೇಲೆ, ನಾನೇ ಮನೆ ಕೊಂಡಾಗ. ಬ್ಯಾಂಕಿನಲ್ಲಿ ಸಾಲ ತೆಗೆದೆ. ವರ್ಷದ ಕೊನೆಗೆ ಲೆಕ್ಕ ನೋಡುವವರು ಹೇಳಿದರು, ಬಡ್ಡಿ ಕಟ್ಟಿದ್ದನ್ನು ತೋರಿಸಿ, ತೆರಿಗೆಯಲ್ಲಿ ಕಳೆಯೋಣ. ತೋರಿಸಿದೆ, ಕಳೆದರು. ಖಜಾನೆಗೆ ಹೋಗಬೇಕಾಗಿದ್ದ ದುಡ್ಡು ನನ್ನ ಹತ್ತಿರವೇ ಉಳಿಯಿತು. ಅದೂ ಸಬ್ಸಿಡಿಯೇ ಅಲ್ವಾ? ಇದೇನು ಹೊಸದೂ ಅಲ್ಲ. ಅಮೆರಿಕದಲ್ಲಿ 1913ರಲ್ಲಿ ಆದಾಯ ತೆರಿಗೆ ಬಂದಾಗಿನಿಂದ ಮನೆ ಸಾಲದ ಬಡ್ಡಿಯನ್ನು ಕಳೆದು ತೋರಿಸುವ ಅವಕಾಶ ಇದೆ. ನನ್ನನ್ನು ಯಾರೂ ಮೆಟ್ಟಿಲ ಕೆಳಗೆ ನಿಲ್ಲಿಸಲಿಲ್ಲ. ಥರ್ಮೋಕೋಲ್ ಕೀ ಕೊಡಲಿಲ್ಲ. ಯಾವ ಬಸ್ಸಿನ ಹಿಂದೆಯೂ ನನ್ನ ಫೋಟೋ ಇಲ್ಲ. ನನಗೆ ಸಾಲ ಮಾರಿದ ಜಾಹೀರಾತಿನಲ್ಲಿ ಗಂಡ ಹೆಂಡತಿ ಬಾಲ್ಕನಿಗೆ ಒರಗಿ ದೂರ ನೋಡುತ್ತಿದ್ದರು. ಯಾರ ಕಡೆಗೂ ಕೈ ಚಾಚಿರಲಿಲ್ಲ. ಗಮನಿಸಿ ನೋಡಿ, ದುಬಾರಿ ಅಪಾರ್ಟ್‌ಮೆಂಟಿನ ಜಾಹೀರಾತಿನಲ್ಲಿ ಜನ ಯಾವಾಗಲೂ ಹೊರಗೆ ನೋಡುತ್ತಿರುತ್ತಾರೆ. ಸಬ್ಸಿಡಿ ಮನೆಯ ಜಾಹೀರಾತಿನಲ್ಲಿ ಕೊಟ್ಟವರ ಮುಖ ನೋಡುತ್ತಿರುತ್ತಾರೆ.

ಇದನ್ನು ಒಂದು ಸಲ ಹಳೇ ಬಾಸ್ ಹತ್ತಿರ ಹೇಳಿದೆ. ಅವರು, "ನೀನು ಜಾಸ್ತಿ ಯೋಚನೆ ಮಾಡ್ತೀಯ. ಒಂದು ಫೋಟೋ ನೋಡಿ ಯಾರಾದ್ರೂ ಬದಲಾಗ್ತಾರಾ?" ಅಂದರು. ಬದಲಾಗಲ್ಲ ಅಂತಿದ್ದರೆ ಆರು ವರ್ಷ ಕ್ಲೈಂಟುಗಳಿಂದ ದುಡ್ಡು ತಗೊಂಡದ್ದು ಯಾಕೆ ಸಾರ್ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಕಾಲು ಹತ್ತಿರದಲ್ಲೇ ಇತ್ತು.

ಹೋದ ವರ್ಷ ಬೇರೆ ಯಾವುದೋ ಕೆಲಸಕ್ಕೆ ಆ ಬ್ಲಾಕುಗಳ ಕಡೆ ಹೋಗಬೇಕಾಯಿತು. ಎಲ್ಲಾ ಮನೆಗೂ ಬಳಿದಿದ್ದ ಅದೇ ಒಂದು ಹಳದಿ ಈಗ ಉಳಿದಿಲ್ಲ. ಒಬ್ಬೊಬ್ಬರದು ಒಂದೊಂದು ಬಣ್ಣ. ಬಾಗಿಲು ಬದಲಾಯಿಸಿದವರೂ ಇದ್ದಾರೆ. ಆ ಕುಟುಂಬವನ್ನು ಹುಡುಕಲಿಲ್ಲ. ಹುಡುಕಿದ್ದರೆ ಅಜ್ಜಿಗೆ ಏನು ಹೇಳಬೇಕಿತ್ತು?

ಮೂಲೆಯ ಮನೆಯೊಂದರ ಮುಂದೆ ಸ್ಕೂಟರಿನ ಮೇಲೆ ಏನೋ ಹೊದಿಸಿದ್ದರು. ಬಿಸಿಲಿಗೆ ಬಣ್ಣ ಹೋಗಿತ್ತು. ಹತ್ತಿರ ಹೋದರೆ ನಮ್ಮದೇ ಫ್ಲೆಕ್ಸು, ತಲೆಕೆಳಗಾಗಿ. ಹಿಂದಿನ ಚಕ್ರದ ಹತ್ತಿರ "ಕನಸು ನಿಮ್ಮ" ಅನ್ನೋವರೆಗೆ ಕಾಣುತ್ತಿತ್ತು, ಉಳಿದದ್ದು ಮಡಚಿ ಒಳಗೆ ಹೋಗಿತ್ತು. ನಾನು ಬಗ್ಗಿ ನೋಡುತ್ತಿದ್ದದ್ದನ್ನು ಕಂಡು ಮನೆಯಾತ ಹೊರಗೆ ಬಂದ.

"ಇದನ್ನ ಬರೆದದ್ದು ನಾನು" ಅಂದೆ. ಯಾಕೆ ಹೇಳಿದೆನೋ.

ಆತ ಅಕ್ಷರದ ಕಡೆ ನೋಡಲೇ ಇಲ್ಲ. ಫ್ಲೆಕ್ಸಿನ ಅಂಚು ಹಿಡಿದು ತಿಕ್ಕಿ ತೋರಿಸಿದ. "ಗಟ್ಟಿ ಮಾಲು ಮೇಡಂ. ನಾಲ್ಕು ಮಳೆಗಾಲ ಆಯ್ತು, ಒಂದು ಹನಿ ಒಳಗೆ ಬಂದಿಲ್ಲ. ಇನ್ನೊಂದು ಇದ್ರೆ ಕೊಡ್ತೀರಾ? ಮಹಡಿ ಮೇಲೆ ಸೋರ್ತಾ ಇದೆ."